ಹಚ್ಚುವ ಮೊದಲು ಗಡ್ಡೆಯ ಹೆಸರು ತಿಳಿಯಲಿ

ಮಾನ್ಯ ಸಂಪಾದಕರೇ,

“ಬೆನ್ನಿನಲ್ಲೊಂದು ಗಡ್ಡೆ ಎದ್ದಿದೆ, ಏನು ಹಚ್ಚಿದರೆ ಕರಗುತ್ತದೆ?” ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆ ಆರೋಗ್ಯ ಕೆಲಸದಲ್ಲಿರುವ ನಮಗೆ ಎದುರಾಗುವ ಪ್ರಶ್ನೆ ಹೆಚ್ಚಾಗಿ ಹೀಗೇ ಇರುತ್ತದೆ. “ಇದು ಯಾವ ಗಡ್ಡೆ?” ಎಂದು ಕೇಳುವವರು ಕಡಿಮೆ. ಕೇಳುವ ಹೊತ್ತಿಗೆ ಏನಾದರೊಂದು ಹಚ್ಚಿ ಆಗಿರುತ್ತದೆ. ಕೆಲವರು ಎಕ್ಕದ ಹಾಲು ಹಚ್ಚಿರುತ್ತಾರೆ, ಕೆಲವರು ಸುಣ್ಣ, ಇನ್ನು ಕೆಲವರು ಗೇರುಬೀಜದ ಸಿಪ್ಪೆಯ ಎಣ್ಣೆ. ಈಗ ಮೊಬೈಲಿನ ವಿಡಿಯೊ ನೋಡಿ ಹೊರದೇಶದ ‘ಕರಿ ಮುಲಾಮು’ ತರಿಸಿಕೊಳ್ಳುವವರೂ ಇದ್ದಾರೆ. ಚರ್ಮದ ಮೇಲೆ, ಚರ್ಮದ ಕೆಳಗೆ ಏಳುವ ಗಡ್ಡೆಗಳಿಗೆ ಹಚ್ಚುವ ಮದ್ದಿನ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಪತ್ರ. ಉದ್ದವಾಗಿದೆ, ಆದರೂ ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಮೊದಲ ಮಾತು, ಗಡ್ಡೆ ಎಂಬುದು ಒಂದು ರೋಗದ ಹೆಸರಲ್ಲ. ಮೆತ್ತಗಿದ್ದು, ಒತ್ತಿದರೆ ಬೆರಳಿನಡಿಯಲ್ಲಿ ಜಾರುವಂಥದ್ದು ಹೆಚ್ಚಾಗಿ ಕೊಬ್ಬಿನ ಗಡ್ಡೆ. ವರ್ಷಗಟ್ಟಲೆ ಹಾಗೇ ಇರುತ್ತದೆ, ಯಾವ ಲೇಪಕ್ಕೂ ಕರಗುವುದಿಲ್ಲ, ಕರಗಿಸಬೇಕಾದ ಅಗತ್ಯವೂ ಇಲ್ಲ. ನಡುವೆ ಕಪ್ಪು ಚುಕ್ಕಿಯಂಥ ಸಣ್ಣ ಬಾಯಿ ಇದ್ದು, ಹಿಂಡಿದರೆ ಗಟ್ಟಿ ಮೊಸರಿನಂಥ ದುರ್ವಾಸನೆಯ ವಸ್ತು ಬರುವುದು ಚರ್ಮದ ಚೀಲದ ಗಡ್ಡೆ. ಚೀಲ ಒಳಗೆ ಉಳಿದಷ್ಟು ಕಾಲ ಅದು ಮತ್ತೆ ಮತ್ತೆ ತುಂಬುತ್ತದೆ. ಒತ್ತಿ ಹಿಂಡುತ್ತಿದ್ದರೆ ಒಳಗೇ ಒಡೆದು ಕೀವಾಗಬಹುದು. ಆಮೇಲೆ ಶಸ್ತ್ರಕ್ರಿಯೆಯೂ ಕಷ್ಟ, ಏಕೆಂದರೆ ಅಂಟಿಕೊಂಡ ಚೀಲ ಇಡಿಯಾಗಿ ಬರುವುದಿಲ್ಲ. ಕುತ್ತಿಗೆಯ ಪಕ್ಕದಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಮೂರು ಗಂಟುಗಳಿದ್ದರೆ ಅದು ಕ್ಷಯದ ಗ್ರಂಥಿ ಇರಬಹುದು, ಹಿರಿಯರು ಗಂಡಮಾಲೆ ಎನ್ನುತ್ತಿದ್ದದ್ದು ಇದನ್ನೇ. ಅದಕ್ಕೆ ಆರು ತಿಂಗಳ ಮಾತ್ರೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಅದರ ಮೇಲೆ ಸುಣ್ಣ–ಜೇನು ಕಲಸಿ ಹಚ್ಚಿದರೆ ಗ್ರಂಥಿ ಒಡೆದು, ತಿಂಗಳುಗಟ್ಟಲೆ ಸೋರುವ ತೂತಾಗಿ ಉಳಿಯುತ್ತದೆ. ಎಂಜಲು ನುಂಗುವಾಗ ಮೇಲೆ ಕೆಳಗೆ ಆಡುವ ಗಂಟು ಥೈರಾಯ್ಡಿನದ್ದು. ಎದೆಯ ಮೇಲೆ, ಕಿವಿಯೋಲೆಯಲ್ಲಿ ಗಟ್ಟಿಯಾಗಿ ಹೊಳೆಯುವ ಕೆಲಾಯ್ಡ್ (ಗಾಯದ ಕಲೆ ಅತಿಯಾಗಿ ಬೆಳೆದದ್ದು) ಅಂತೂ ಸುಟ್ಟಷ್ಟೂ ಬೆಳೆಯುತ್ತದೆ.

ಇವೆಲ್ಲದರ ನಡುವೆ ನಿಜವಾದ ಕ್ಯಾನ್ಸರ್ ಕೂಡ ಇರುತ್ತದೆ. ಮೂಗಿನ ಪಕ್ಕ, ರೆಪ್ಪೆಯ ಹತ್ತಿರ ಮುತ್ತಿನಂಥ ಹೊಳಪಿನ ಅಂಚಿದ್ದು ನಡುವೆ ಹುಣ್ಣಾಗುವ ಬೇಸಲ್ ಸೆಲ್ ಕ್ಯಾನ್ಸರ್ ನಮ್ಮ ಮೈಬಣ್ಣದಲ್ಲಿ ಕಪ್ಪಾಗಿಯೇ ಕಾಣುವುದರಿಂದ ಮಚ್ಚೆ ಎಂದು ತಪ್ಪು ತಿಳಿಯುವುದು ಸುಲಭ. ಹಳೆಯ ಸುಟ್ಟಗಾಯದ ಕಲೆಯಲ್ಲಿ ಏಳುವ, ಆರದ ಹುಣ್ಣು ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಆಗಿರಬಹುದು. ಸೀರೆ, ಪಂಚೆಯ ಬಿಗಿಗಂಟು ದಶಕಗಟ್ಟಲೆ ಉಜ್ಜಿದ ಸೊಂಟದ ಜಾಗದಲ್ಲೂ ಇದು ಬಂದ ಉದಾಹರಣೆಗಳು ನಮ್ಮ ದೇಶದಲ್ಲಿವೆ. ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ಭಾರತೀಯರಲ್ಲಿ ಹೆಚ್ಚಾಗಿ ಬರುವುದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಬರಿಗಾಲಲ್ಲಿ ತೋಟಕ್ಕೆ ಹೋಗುವವರು ಅದನ್ನು ಆಣಿ ಎಂದೋ, ಕಲ್ಲು ತಾಗಿ ರಕ್ತ ಕಟ್ಟಿದ್ದೆಂದೋ ತಿಳಿಯುತ್ತಾರೆ. ಮೆಲನೋಮದಲ್ಲಿ ಎಲ್ಲವೂ ನಿಂತಿರುವುದು ದಪ್ಪದ ಮೇಲೆ, ಅದೂ ಮಿಲಿಮೀಟರ್ ಲೆಕ್ಕದಲ್ಲಿ. 1 ಮಿ.ಮೀ. ಒಳಗಿದ್ದಾಗ ಸಿಕ್ಕಿದರೆ ಸುತ್ತ 1 ಸೆಂ.ಮೀ. ಚರ್ಮ ಸೇರಿಸಿ ತೆಗೆದು ಗುಣಪಡಿಸುವ ಸಾಧ್ಯತೆ ತುಂಬ ಹೆಚ್ಚು, 4 ಮಿ.ಮೀ. ದಾಟಿದರೆ ಮಾತೇ ಬೇರೆ. ಆರು ತಿಂಗಳು ಆಣಿಯ ಮದ್ದು ಹಚ್ಚುತ್ತ ಕೂತರೆ ಕಳೆದುಹೋಗುವುದು ಈ ಮಿಲಿಮೀಟರುಗಳು.

ಇಷ್ಟು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಡಬ್ಬಿಯ ಮುಲಾಮು ಕೆಲಸ ಮಾಡುತ್ತದೆ ಎನ್ನುವವರ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಇನ್ನು ಕರಿ ಮುಲಾಮಿನ ವಿಷಯ. ಇದರಲ್ಲಿ ಸಾಮಾನ್ಯವಾಗಿ ಇರುವುದು ಎರಡು ವಸ್ತು: ಝಿಂಕ್ ಕ್ಲೋರೈಡ್, ಮತ್ತು ಉತ್ತರ ಅಮೆರಿಕದ ಬ್ಲಡ್‌ರೂಟ್ ಎಂಬ ಗಿಡದ ಬೇರಿನ ಪುಡಿ. ಝಿಂಕ್ ಕ್ಲೋರೈಡ್ ತಾಗಿದ ಕಡೆಯ ಮಾಂಸವನ್ನು ಹೆಪ್ಪುಗಟ್ಟಿಸಿ ಸಾಯಿಸುತ್ತದೆ. ಬೇರಿನಲ್ಲಿರುವ ಸ್ಯಾಂಗ್ವಿನರಿನ್ ಎಂಬ ಸತ್ವ ಕ್ಯಾನ್ಸರ್ ಕೋಶವನ್ನೂ ಕೊಲ್ಲುತ್ತದೆ, ಪಕ್ಕದ ಒಳ್ಳೆಯ ಕೋಶವನ್ನೂ ಕೊಲ್ಲುತ್ತದೆ. “ಕೆಟ್ಟದ್ದನ್ನು ಮಾತ್ರ ಹುಡುಕಿ ತಿನ್ನುತ್ತದೆ, ಒಳ್ಳೆಯ ಚರ್ಮಕ್ಕೆ ಏನೂ ಆಗುವುದಿಲ್ಲ” ಎಂಬ ಮಾತು ಸುಳ್ಳು. ಏನೂ ಇಲ್ಲದ ಚರ್ಮಕ್ಕೆ ಹಚ್ಚಿದರೂ ಅದೇ ಕಪ್ಪು ಹಕ್ಕಳೆ ಬರುತ್ತದೆ.

ಜನ ನಂಬುವುದು ಆ ಹಕ್ಕಳೆಯನ್ನು ನೋಡಿಯೇ. ಹಚ್ಚಿದ ಒಂದೆರಡು ದಿನದಲ್ಲಿ ಜಾಗ ಊದಿ ಕೆಂಪಾಗುತ್ತದೆ, ಉರಿ ತಡೆಯಲಾಗುವುದಿಲ್ಲ. ಬಳಿಕ ನಡುವಿನ ಭಾಗ ಬೂದು, ಆಮೇಲೆ ಕಪ್ಪು. ಅದು ತೊಗಲಿನಂತೆ ಗಟ್ಟಿಯಾಗುತ್ತದೆ, ಸುತ್ತ ಒಂದು ಗೆರೆ ಬಿಡುತ್ತದೆ, ಆ ಗೆರೆಯಲ್ಲಿ ಕೀವು ಕಾಣುತ್ತದೆ. ಒಂದೆರಡು ವಾರ ಕಳೆದು ಹಕ್ಕಳೆ ಕಳಚಿ ಬಿದ್ದಾಗ ಅದರ ಅಡಿಯಲ್ಲಿ ಬಿಳಿ ಎಳೆಗಳು ಜೋತಿರುತ್ತವೆ. “ಬೇರು ಸಮೇತ ಕಿತ್ತು ಬಂತು” ಎನ್ನುವುದು ಆ ಎಳೆಗಳನ್ನು ನೋಡಿ. ಅವು ಬೇರಲ್ಲ. ಸತ್ತ ಕೊಬ್ಬು, ನಾರು, ಹೆಪ್ಪುಗಟ್ಟಿದ ರಕ್ತನಾಳ, ಅಷ್ಟೆ. ಸತ್ತದ್ದನ್ನು ದೇಹ ತಾನೇ ಬೇರ್ಪಡಿಸಿ ಹೊರಹಾಕಿದ ಗುರುತು ಅದು. ಕ್ಯಾನ್ಸರಿನ ನಿಜವಾದ ಬೇರು, ಅಂದರೆ ಕಣ್ಣಿಗೆ ಕಾಣದೆ ಪಕ್ಕಕ್ಕೂ ಆಳಕ್ಕೂ ಚಾಚಿದ ಕೋಶಗಳ ಸಾಲು, ಹಕ್ಕಳೆಯ ಗೆರೆಯ ಆಚೆಗೆ ಉಳಿದಿರಬಹುದು. ಗಾಯ ಒಣಗಿ ಮೇಲೆ ನಯವಾದ ಕಲೆ ಮುಚ್ಚಿಕೊಳ್ಳುತ್ತದೆ, ಕೆಳಗೆ ರೋಗ ಮೃದ್ವಸ್ಥಿಗೂ ಮೂಳೆಗೂ ಇಳಿಯುತ್ತದೆ. ಮೂಗು, ಕಿವಿ, ರೆಪ್ಪೆಯಲ್ಲಿ ಇದರಿಂದಾಗುವ ನಷ್ಟ ತುಂಬಿಕೊಡಲಾಗದಂಥದ್ದು.

“ಇದನ್ನು ಹಿಂದೆ ದೊಡ್ಡ ಡಾಕ್ಟರುಗಳೇ ಬಳಸಿದ್ದರಲ್ಲ?” ಎಂದು ಓದಿಕೊಂಡವರು ಕೇಳುತ್ತಾರೆ. ಬಳಸಿದ್ದು ನಿಜ. 1850ರ ದಶಕದಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಫೆಲ್ ಎಂಬ ಅಮೆರಿಕದ ವೈದ್ಯರು ಇಂಥ ಲೇಪ ಹಚ್ಚಿದ್ದರು. 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಮೋಸ್ ಇದೇ ಎರಡು ವಸ್ತುಗಳಿದ್ದ ಲೇಪವನ್ನು ಚರ್ಮದ ಕ್ಯಾನ್ಸರಿಗೆ ಬಳಸತೊಡಗಿದರು. ಆದರೆ ಮೋಸ್ ಅವರ ಲೇಪದ ಕೆಲಸ ಗಡ್ಡೆಯನ್ನು ಉದುರಿಸುವುದಾಗಿರಲಿಲ್ಲ. ಮಾಂಸವನ್ನು ಇದ್ದ ಹಾಗೇ ಗಟ್ಟಿಯಾಗಿ ನಿಲ್ಲಿಸುವುದಾಗಿತ್ತು. ಮರುದಿನ ತೆಳುವಾದ ಪದರ ಕತ್ತರಿಸಿ, ಅದರ ಅಡಿ ಮತ್ತು ಸುತ್ತಲಿನ ಅಂಚನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಯಾನ್ಸರ್ ಉಳಿದ ಮೂಲೆಗೆ ಮಾತ್ರ ಮತ್ತೆ ಲೇಪ ಹಚ್ಚುತ್ತಿದ್ದರು. ಎಲ್ಲ ಅಂಚೂ ಶುದ್ಧವಾಗುವವರೆಗೆ ಇದೇ ಕ್ರಮ. ಗುಣ ಕಂಡದ್ದು ಆ ಪರೀಕ್ಷೆಯಿಂದ. 1970ರ ದಶಕದ ಹೊತ್ತಿಗೆ ಲೇಪವನ್ನು ಬದಿಗಿಟ್ಟು, ಮರಗಟ್ಟಿಸುವ ಸೂಜಿ ಕೊಟ್ಟು ತಾಜಾ ಪದರವನ್ನೇ ಕತ್ತರಿಸಿ ನೋಡುವ ಕ್ರಮ ನೆಲೆಗೊಂಡಿತು. ಈಗ ಡಬ್ಬಿಯಲ್ಲಿ ಮಾರುತ್ತಿರುವುದು ಅವರು ಬಿಟ್ಟ ಲೇಪವನ್ನು. ಅವರು ಉಳಿಸಿಕೊಂಡ ಸೂಕ್ಷ್ಮದರ್ಶಕ ಅದರ ಜೊತೆ ಬರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಇದನ್ನು ಕ್ಯಾನ್ಸರಿನ ಹೆಸರಲ್ಲಿ ಮಾರುವ ಮೋಸದ ಮದ್ದುಗಳ ಸಾಲಿಗೆ ಸೇರಿಸಿದೆ.

ನಮ್ಮ ಊರಿನ ಸುಡುವ ಮದ್ದುಗಳು ಇದಕ್ಕಿಂತ ಮೃದುವೇನಲ್ಲ. ಅಡಿಕೆ ತೋಟವಿರುವ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆಂದು ತಂದ ಸುಣ್ಣವೂ ಮೈಲುತುತ್ತೂ ಕೈಗೆ ಸಿಗುವಲ್ಲೇ ಇರುತ್ತವೆ. ಮಚ್ಚೆ, ನರಹುಲಿ ಉದುರಿಸಲು ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಇಡುವ ಕ್ರಮ ಹಳೆಯದು. ಸುಣ್ಣ ಮತ್ತು ಸೋಡಾ ನೀರಿನಲ್ಲಿ ಕೂಡಿದರೆ ಕಾಸ್ಟಿಕ್ ಸೋಡಾ ಹುಟ್ಟುತ್ತದೆ, ಚರಂಡಿಯ ಕಟ್ಟು ಬಿಡಿಸಲು ಸುರಿಯುವ ವಸ್ತು. ಆಮ್ಲ ತಾಗಿದರೆ ಮೇಲೆ ಗಟ್ಟಿ ಪದರ ಕಟ್ಟಿ ಅದೇ ತಡೆಯಾಗುವುದುಂಟು. ಕ್ಷಾರ ಹಾಗಲ್ಲ. ಕೊಬ್ಬನ್ನು ಸಾಬೂನು ಮಾಡಿ, ಮಾಂಸವನ್ನು ಲೋಳೆಯಾಗಿಸಿ ಕೆಳಗಿಳಿಯುತ್ತ ಹೋಗುತ್ತದೆ. ಮೊದಲಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ, ಅದಕ್ಕೇ ಜನ ಬಹಳ ಹೊತ್ತು ಬಿಟ್ಟುಬಿಡುತ್ತಾರೆ. ಹೀಗೆ ಸುಟ್ಟುಕೊಂಡವರು ಒಣ ಪುಡಿಯಿದ್ದರೆ ಮೊದಲು ಬಟ್ಟೆಯಿಂದ ಕೊಡವಿ, ಬಳಿಕ ಹರಿಯುವ ನೀರಿನಡಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ತೊಳೆಯಬೇಕು. ನಿಂಬೆರಸ, ವಿನೆಗರ್ ಹಾಕಿ ಸರಿಪಡಿಸಲು ಹೋಗಬಾರದು, ಆ ಬೆರಕೆಯ ಬಿಸಿಯೇ ಇನ್ನಷ್ಟು ಸುಡುತ್ತದೆ.

ಮೈಲುತುತ್ತು ತೆರೆದ ಹುಣ್ಣಿನಿಂದ ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣ ಒಡೆಯುತ್ತದೆ, ಯಕೃತ್ತಿಗೂ (ಲಿವರ್) ಮೂತ್ರಪಿಂಡಕ್ಕೂ ಪೆಟ್ಟು. ಹರತಾಳ, ಪಾಷಾಣ ಎಂದರೆ ಆರ್ಸೆನಿಕ್. ಅದು ಚರ್ಮದ ಕ್ಯಾನ್ಸರ್ ತರುವ ವಸ್ತು ಎಂದು ಜಗತ್ತೇ ಒಪ್ಪಿದೆ, ಅದನ್ನೇ ಕ್ಯಾನ್ಸರಿಗೆ ಹಚ್ಚುವುದು ಹೇಗೆ ಸರಿ? ಗೇರುಬೀಜದ ಸಿಪ್ಪೆಯ ಎಣ್ಣೆ, ಗುಡ್ಡದ ಕರಿಗೇರಿನ ರಸ ಎರಡೂ ಒಂದೇ ಜಾತಿಯವು. ಹಚ್ಚಿದ ದಿನ ಏನೂ ಕಾಣದೆ ಇರಬಹುದು. ಒಂದೆರಡು ದಿನ ಕಳೆದು ತುರಿಕೆ, ನೀರುಗುಳ್ಳೆ, ಕಪ್ಪು. ಅಲರ್ಜಿ ಇದ್ದವರಲ್ಲಿ ರಸ ತಾಗದ ಕಡೆಗೂ ಹರಡುತ್ತದೆ. ತಾಗಿದ್ದು ಗೊತ್ತಾದ ಕೂಡಲೇ ಸಾಬೂನು, ನೀರಲ್ಲಿ ತೊಳೆಯಬೇಕು. ಎಕ್ಕದ ಹಾಲನ್ನು ರೆಪ್ಪೆಯ ನರಹುಲಿಗೆ ಹಚ್ಚುವುದಂತೂ ಬೇಡವೇ ಬೇಡ. ಅದು ಕಣ್ಣಿಗೆ ಇಳಿದರೆ ಹೆಚ್ಚು ನೋವಿಲ್ಲದೆಯೇ ದೃಷ್ಟಿ ಮಂಜಾಗುತ್ತದೆ. ನೋವಿಲ್ಲವೆಂದು ಕಾಯುತ್ತ ಕೂರದೆ 15–20 ನಿಮಿಷ ನೀರು ಬಿಟ್ಟು ತೊಳೆದು ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಇಷ್ಟು ಹೇಳಿದರೆ “ಹಾಗಾದರೆ ನೀವು ಆಯುರ್ವೇದದ ವಿರೋಧಿಗಳು” ಎಂಬ ಮಾತು ಬರುತ್ತದೆ. ಅಲ್ಲ. ಕ್ಷಾರಕರ್ಮ, ಅಂದರೆ ಕ್ಷಾರ ಹಚ್ಚಿ ಮಾಡುವ ಚಿಕಿತ್ಸೆ, ಸುಶ್ರುತ ಸಂಹಿತೆಯಲ್ಲಿ ಇರುವುದೇ. ಉತ್ತರಣೆಯ ಕ್ಷಾರ, ಕಳ್ಳಿಹಾಲು, ಅರಸಿನ ಸವರಿದ ನೂಲಾದ ಕ್ಷಾರಸೂತ್ರದಿಂದ ಭಗಂದರ (ಗುದದ ಬಳಿ ಸೋರುವ ತೂತು) ಗುಣವಾಗುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಪರೀಕ್ಷಿಸಿ ಒಪ್ಪಿದೆ. ಆದರೆ ಅರ್ಬುದದ, ಅಂದರೆ ಬೆಳೆಯುವ ಗಡ್ಡೆಯ ಬಗ್ಗೆ ಅದೇ ಸುಶ್ರುತ ಹೇಳುವುದು ಏನು? ಒಂದಿಷ್ಟೂ ಶೇಷವಿಲ್ಲದೆ ತೆಗೆಯಬೇಕು, ಶೇಷ ಉಳಿದರೆ ಉಳಿದ ಕಿಡಿಯಂತೆ ಮತ್ತೆ ಹೊತ್ತಿ ಕೊಲ್ಲುತ್ತದೆ ಎಂದು. ಶೇಷ ಉಳಿದಿದೆಯೋ ಇಲ್ಲವೋ ಎಂದು ನೋಡುವ ದಾರಿ ಇವತ್ತು ನಮ್ಮಲ್ಲಿದೆ. ಅದನ್ನು ಬಿಟ್ಟು ಕ್ಷಾರವನ್ನು ಮಾತ್ರ ಹಿಡಿದುಕೊಳ್ಳುವುದು ಆ ಗ್ರಂಥಕ್ಕೂ ಮಾಡುವ ಅನ್ಯಾಯ. ಭಲ್ಲಾತಕ (ಕರಿಗೇರು), ಕಳ್ಳಿ, ಎಕ್ಕ, ಹರತಾಳ, ತುತ್ಥ (ಮೈಲುತುತ್ತು) ಇವೆಲ್ಲ ನಮ್ಮ ಔಷಧ ನಿಯಮಗಳ ಇ–1 ಪಟ್ಟಿಯಲ್ಲಿ ವಿಷದ್ರವ್ಯಗಳೆಂದೇ ನಮೂದಾಗಿವೆ. ಕಲಿತ ಆಯುರ್ವೇದ ವೈದ್ಯರು ಅವನ್ನು ಶುದ್ಧಿ ಮಾಡದೆ, ಅಳತೆ ಇಲ್ಲದೆ ಮುಟ್ಟುವುದಿಲ್ಲ, ಅನುಮಾನದ ಗಡ್ಡೆ ಕಂಡರೆ ಅವರೇ ಪರೀಕ್ಷೆಗೆ ಕಳಿಸುತ್ತಾರೆ. ಅಳುಕಬೇಕಾದ್ದು ಲೇಬಲ್ಲಿಲ್ಲದ ಡಬ್ಬಿಗೆ. ಪರವಾನಿಗೆ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿನ ದ್ರವ್ಯಗಳ ಪಟ್ಟಿ ಈ ಮೂರೂ ಇಲ್ಲದ ಮುಲಾಮನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಅರಸಿನದ ಬಗ್ಗೆ ತುಂಬ ಪ್ರಶ್ನೆಗಳಿವೆ, ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ತ್ರಿಶ್ಶೂರಿನ ಅಮಲ ಕ್ಯಾನ್ಸರ್ ಆಸ್ಪತ್ರೆಯ ಸಂಶೋಧಕರು 1987ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೊರಗೆ ಹುಣ್ಣಾಗಿ ಕಾಣಿಸಿಕೊಂಡ ಕ್ಯಾನ್ಸರ್ ಇದ್ದ 62 ಮಂದಿಗೆ ಮದ್ಯಸಾರದಲ್ಲಿ ಇಳಿಸಿದ ಅರಸಿನದ ಸತ್ವವನ್ನೋ ಕರ್ಕ್ಯುಮಿನ್ ಮುಲಾಮನ್ನೋ ಹಚ್ಚಿ ನೋಡಿದರು. ಶೇ. 90 ಮಂದಿಯಲ್ಲಿ ದುರ್ವಾಸನೆ ಕಡಿಮೆಯಾಯಿತು, ತುರಿಕೆ ಹೆಚ್ಚುಕಡಿಮೆ ಎಲ್ಲರಲ್ಲೂ ಇಳಿಯಿತು, ಶೇ. 70ರಷ್ಟು ಮಂದಿಯ ಹುಣ್ಣು ಒಣಗಿತು. ಗಾತ್ರವೂ ನೋವೂ ತಗ್ಗಿದ್ದು ಶೇ. 10 ಮಂದಿಯಲ್ಲಿ ಮಾತ್ರ. ಇದನ್ನು “ಅರಸಿನದಿಂದ ಕ್ಯಾನ್ಸರ್ ವಾಸಿ” ಎಂದು ಹಂಚುವವರು ಕೊನೆಯ ಅಂಕಿಯನ್ನು ಬಿಟ್ಟು ಓದುತ್ತಾರೆ. ನಾವು ಇದನ್ನು ಕಡೆಗಣಿಸುವುದೂ ಇಲ್ಲ. ವಾಸನೆ ತಗ್ಗುವುದು, ತುರಿಕೆ ನಿಲ್ಲುವುದು ಆ ರೋಗಿಗೆ ಸಣ್ಣ ಸಂಗತಿಯಲ್ಲ, ಮೊಮ್ಮಕ್ಕಳು ಹತ್ತಿರ ಬಂದು ಕೂರುವಂತಾಗುವುದು ಅದರಿಂದಲೇ. ಆದರೆ ಅವರು ಬಳಸಿದ್ದು ಅಡುಗೆಮನೆಯ ಪುಡಿಯಲ್ಲ. ಅಂಗಡಿಯ ಪುಡಿ ಶುದ್ಧೀಕರಿಸಿದ್ದಲ್ಲ, ಕೆಲವೊಮ್ಮೆ ಸೀಸದ ಬಣ್ಣವೂ ಬೆರೆತಿರುತ್ತದೆ. ಗಾಯವೆಲ್ಲ ಹಳದಿಯಾದರೆ ಕೆಂಪು, ಕೀವು ಗುರುತಿಸುವುದೂ ಕಷ್ಟ.

ಲೋಳೆಸರ, ಜೇನು, ಬೇವಿನೆಣ್ಣೆ ಮುಂತಾದವು ಸುಡುವುದಿಲ್ಲ. ಇವುಗಳಿಂದ ಆಗುವ ಕೇಡು ದಿನ ಕಳೆಯುವುದೊಂದೇ. ಬೆಳ್ಳುಳ್ಳಿ ಜಜ್ಜಿ ಕಟ್ಟುವುದು, ವಿನೆಗರ್ ಅದ್ದಿದ ಹತ್ತಿ ಇಡುವುದು ಮಾತ್ರ ಬೇರೆ. ರಾತ್ರಿಯಿಡೀ ಬಿಟ್ಟರೆ ಇವೂ ಸುಟ್ಟಗಾಯ ಮಾಡುತ್ತವೆ.

“ಹಚ್ಚುವ ಮದ್ದಿನಿಂದ ಚರ್ಮದ ಕ್ಯಾನ್ಸರ್ ಗುಣವಾಗುವುದೇ ಇಲ್ಲವೇ?” ಆಗುತ್ತದೆ, ಕೆಲವು ಮಾತ್ರ. ಇಮಿಕ್ವಿಮಾಡ್ ಶೇ. 5ರ ಕ್ರೀಮ್, 250 ಮಿ.ಗ್ರಾಂ. ಸ್ಯಾಚೆಟ್‌ಗಳಲ್ಲಿ ಬರುವಂಥದ್ದು, ಚರ್ಮದ ಮೇಲ್ಪದರದಲ್ಲೇ ಹರಡಿದ ಬೇಸಲ್ ಸೆಲ್ ಕ್ಯಾನ್ಸರಿಗೆ ಒಪ್ಪಿತವಾದ ಮದ್ದು. ವಾರಕ್ಕೆ ಐದು ರಾತ್ರಿ, ಆರು ವಾರ. ಗಡ್ಡೆಯ ಸುತ್ತ 1 ಸೆಂ.ಮೀ. ಚರ್ಮಕ್ಕೂ ಸೇರಿಸಿ ಹಚ್ಚಿ, ಸುಮಾರು 8 ಗಂಟೆ ಕಳೆದು ತೊಳೆಯಬೇಕು. ಗಡ್ಡೆ 2 ಸೆಂ.ಮೀ. ಒಳಗಿರಬೇಕು, ಮುಖದ ಮೇಲಿರಬಾರದು, ಬಯಾಪ್ಸಿಯಲ್ಲಿ (ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮೇಲ್ಪದರದ್ದೆಂದು ಖಚಿತವಾಗಿರಬೇಕು. ಫ್ಲೋರೋಯುರಾಸಿಲ್ ಶೇ. 5ರ ಕ್ರೀಮ್ ಇನ್ನೊಂದು, ಗರ್ಭಿಣಿಯರು ಅದನ್ನು ಮುಟ್ಟುವಂತಿಲ್ಲ. ನೆದರ್ಲೆಂಡ್ಸ್‌ನಲ್ಲಿ 601 ಮಂದಿಯನ್ನು ಐದು ವರ್ಷ ಗಮನಿಸಿದಾಗ ಇಮಿಕ್ವಿಮಾಡ್ ಹಚ್ಚಿದವರಲ್ಲಿ ಶೇ. 80, ಫ್ಲೋರೋಯುರಾಸಿಲ್‌ನವರಲ್ಲಿ ಶೇ. 70 ಮಂದಿಗೆ ರೋಗ ಮರುಕಳಿಸಿರಲಿಲ್ಲ. ಶಸ್ತ್ರಕ್ರಿಯೆಯೊಂದಿಗೆ ಹೋಲಿಸಿದ ಬ್ರಿಟನ್ನಿನ ಅಧ್ಯಯನದಲ್ಲಿ ಐದು ವರ್ಷಕ್ಕೆ ಇಮಿಕ್ವಿಮಾಡ್ ಶೇ. 82.5, ಶಸ್ತ್ರಕ್ರಿಯೆ ಶೇ. 97.7. ಪರೀಕ್ಷೆಗೊಳಪಟ್ಟ ಮದ್ದಿಗೇ ಈ ಮಿತಿ ಇದೆ. ದಪ್ಪ ಗಡ್ಡೆಗೆ, ಮೆಲನೋಮಕ್ಕೆ, ಚರ್ಮದಡಿಯ ಗಂಟಿಗೆ ಇವು ಮದ್ದಲ್ಲ, ಏಕೆಂದರೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಗಿಡದ ಮದ್ದೂ ಇದೇ ಒರೆಗಲ್ಲು ದಾಟಬೇಕು. ಕಳ್ಳಿಯ ಕುಲದ ಒಂದು ಸಣ್ಣ ಗಿಡದ ಹಾಲಿನಿಂದ ತೆಗೆದ ಇಂಜೆನಾಲ್ ಮೆಬುಟೇಟ್ ಎಂಬ ಮುಲಾಮಿಗೆ ಬಿಸಿಲಿನಿಂದ ಚರ್ಮದಲ್ಲಿ ಏಳುವ, ಕ್ಯಾನ್ಸರಿಗೆ ತಿರುಗಬಹುದಾದ ಒರಟು ಕಲೆಗಳಿಗೆಂದು 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತ್ತು. ಬಳಸಿದವರನ್ನು ವರ್ಷಗಟ್ಟಲೆ ಗಮನಿಸಿದಾಗ ಹಚ್ಚಿದ ಜಾಗದಲ್ಲೇ ಚರ್ಮದ ಕ್ಯಾನ್ಸರ್ ಹೆಚ್ಚಾಗುವ ಸೂಚನೆ ಕಂಡು 2020ರಲ್ಲಿ ಯುರೋಪಿನಲ್ಲಿ ಹಿಂತೆಗೆದುಕೊಂಡರು. ಅಂಗಳದ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಬಂದದ್ದು ನಿಜ, ಅದನ್ನು ಕೊಡುವುದು ರಕ್ತನಾಳಕ್ಕೆ, ಮಿಲಿಗ್ರಾಂ ಲೆಕ್ಕದಲ್ಲಿ. ಎಲೆ ಅರೆದು ಗಡ್ಡೆಗೆ ಮೆತ್ತಿದರೆ ಆ ಕೆಲಸ ಆಗುವುದಿಲ್ಲ.

ನರಹುಲಿಗೆ ಮಾತ್ರ ಮನೆಯಲ್ಲೇ ಮಾಡಬಹುದಾದ್ದಿದೆ. ವೈದ್ಯರು ನೋಡಿ ನರಹುಲಿಯೇ ಎಂದ ಮೇಲೆ, ಬೆಚ್ಚಗಿನ ನೀರಲ್ಲಿ 5–10 ನಿಮಿಷ ನೆನೆಸಿ, ಸತ್ತ ಚರ್ಮ ಉಜ್ಜಿ ತೆಗೆದು, ಶೇ. 17ರ ಸ್ಯಾಲಿಸಿಲಿಕ್ ಆಮ್ಲವನ್ನು ದಿನಕ್ಕೊಮ್ಮೆ, 12 ವಾರದವರೆಗೆ ಹಚ್ಚಬಹುದು. ಮುಖಕ್ಕೆ, ಗುಪ್ತಾಂಗಕ್ಕೆ ಬೇಡ. ಸಕ್ಕರೆ ಕಾಯಿಲೆಯವರ ಕಾಲಿಗೆ ಬೇಡ, ಆಣಿಯ ಪ್ಲಾಸ್ಟರೂ ಬೇಡ.

ಅಂಗಡಿಯಿಂದ ಕೇಳಿ ತರುವ ಟ್ಯೂಬುಗಳ ಬಗ್ಗೆ ಒಂದು ಮಾತು. ಗಜಕರ್ಣ ಎಂದುಕೊಂಡು ವರ್ಷಗಟ್ಟಲೆ ಹಚ್ಚುವ ಸ್ಟಿರಾಯ್ಡ್ ಬೆರೆತ ಕ್ರೀಮ್ ತುರಿಕೆಯನ್ನು ಅಡಗಿಸುತ್ತದೆ, ಕಲೆ ಮಾತ್ರ ನಿಧಾನವಾಗಿ ಅಗಲವಾಗುತ್ತಲೇ ಇರುತ್ತದೆ. ಅದು ಬೋವನ್ಸ್ ಕಾಯಿಲೆ, ಅಂದರೆ ಇನ್ನೂ ಮೇಲ್ಪದರದಲ್ಲೇ ಇರುವ ಕ್ಯಾನ್ಸರ್ ಆಗಿರಬಹುದು. ಹೆಂಗಸರಲ್ಲಿ ಒಂದೇ ಬದಿಯ ಮೊಲೆತೊಟ್ಟಿನಲ್ಲಿ ಕಜ್ಜಿಯಂತೆ ಆಗಿ ಎರಡು ಮೂರು ವಾರದಲ್ಲಿ ವಾಸಿಯಾಗದಿದ್ದರೆ ಅದರ ಹಿಂದೆ ಸ್ತನದ ಕ್ಯಾನ್ಸರ್ ಇರಬಹುದು, ಬಯಾಪ್ಸಿ ಬೇಕೇಬೇಕು. ಸ್ತನದ ಗಂಟಿಗೆ ಎಣ್ಣೆ ಹಾಕಿ ತಿಕ್ಕುತ್ತಾ ಕಾಯುವುದರಲ್ಲಿ ಕಳೆದ ತಿಂಗಳುಗಳು ಮತ್ತೆ ಸಿಗುವುದಿಲ್ಲ.

“ಸೂಜಿ ಚುಚ್ಚಿದರೆ, ಕತ್ತಿ ತಾಗಿದರೆ ಹರಡುತ್ತದಂತೆ” ಎಂಬ ಹೆದರಿಕೆಯೇ ಜನರನ್ನು ಮುಲಾಮಿನ ಕಡೆ ತಳ್ಳುವುದು. ನಡೆಯುವುದು ಇಷ್ಟು. ಚರ್ಮದ ಬಯಾಪ್ಸಿಗೆ ಲಿಗ್ನೊಕೇನ್ ಸೂಜಿ ಕೊಟ್ಟು ಮರಗಟ್ಟಿಸಿ, 3–4 ಮಿ.ಮೀ. ಅಗಲದ, ಪೆನ್ನಿನ ತುದಿಯಂಥ ದುಂಡು ಅಲಗಿನಿಂದ ಒಂದು ತುಣುಕು ತೆಗೆಯುತ್ತಾರೆ. ಒಂದೆರಡು ಹೊಲಿಗೆ. ಹೆಚ್ಚೆಂದರೆ ಅರ್ಧ ಗಂಟೆ, ಬಸ್ಸಿನಲ್ಲಿ ಮನೆಗೆ ಬರಬಹುದು. ಕುತ್ತಿಗೆಯ ಗಂಟಾದರೆ ಇಂಜೆಕ್ಷನ್ ಸೂಜಿಗಿಂತ ದಪ್ಪವಲ್ಲದ ಸೂಜಿಯಿಂದ ಕೋಶ ಎಳೆದು ನೋಡುತ್ತಾರೆ. ಸೂಜಿಯ ದಾರಿಯಲ್ಲಿ ರೋಗ ಹರಡುವುದು ತೀರ ಅಪರೂಪ. ಎಚ್ಚರ ಬೇಕಾದ ಒಂದು ಜಾಗವಿದೆ: 5 ಸೆಂ.ಮೀ.ಗಿಂತ ದೊಡ್ಡದಾದ, ಆಳದಲ್ಲಿರುವ, ಬೆಳೆಯುತ್ತಿರುವ ಗಡ್ಡೆ. ಅದು ಸಾರ್ಕೋಮ, ಅಂದರೆ ಮಾಂಸ, ಕೊಬ್ಬು, ನಾರಿನಲ್ಲಿ ಹುಟ್ಟುವ ಕ್ಯಾನ್ಸರ್ ಆಗಿರಬಹುದಾದ್ದರಿಂದ ಮೊದಲು ಸ್ಕ್ಯಾನ್, ಆಮೇಲೆ ಮುಂದೆ ಶಸ್ತ್ರಕ್ರಿಯೆ ಮಾಡುವ ಆಸ್ಪತ್ರೆಯಲ್ಲೇ ಬಯಾಪ್ಸಿ.

ಇಲ್ಲಿ ನಾಟಿ ಮದ್ದಿನವರನ್ನು ಮಾತ್ರ ದೂರುವುದು ಸರಿಯಲ್ಲ. “ಕೊಬ್ಬಿನ ಗಡ್ಡೆ” ಎಂದು ಕ್ಲಿನಿಕ್ಕಿನಲ್ಲೇ ಕೊಯ್ದು, ತೆಗೆದದ್ದನ್ನು ಬಕೆಟ್ಟಿಗೆ ಹಾಕುವುದೂ, ಮಚ್ಚೆಯನ್ನು ಲೇಸರಿನಿಂದ ಸುಡುವುದೂ ಕರಿ ಮುಲಾಮು ಮಾಡುವ ತಪ್ಪನ್ನೇ ಮಾಡುತ್ತವೆ: ಗುರುತಿಸಬೇಕಾದ್ದನ್ನು ಗುರುತಿಸುವ ಮೊದಲೇ ಇಲ್ಲದಂತೆ ಮಾಡುವುದು. ಮೈಯಿಂದ ತೆಗೆದ ಯಾವ ಗಡ್ಡೆಯನ್ನಾದರೂ ಪರೀಕ್ಷೆಗೆ ಕಳಿಸುತ್ತೀರಾ ಎಂದು ಮೊದಲೇ ಕೇಳಿ. ತುಣುಕನ್ನು ಲ್ಯಾಬಿಗೆ ನೀವೇ ಒಯ್ಯಬೇಕಾಗಿ ಬಂದರೆ ಅದು ಶೇ. 10ರ ಫಾರ್ಮಲಿನ್‌ನಲ್ಲಿ, ತುಣುಕಿಗಿಂತ ಹತ್ತು ಪಟ್ಟು ದ್ರವದಲ್ಲಿ ಮುಳುಗಿರಬೇಕು. ಸಲೈನ್‌ನಲ್ಲೋ ಬರಿ ನೀರಿನಲ್ಲೋ ಮಂಗಳೂರು ತಲುಪುವಷ್ಟರಲ್ಲಿ ಕೆಡಲು ಶುರುವಾಗಿರುತ್ತದೆ. ಮುಚ್ಚಳದ ಮೇಲಲ್ಲ, ಡಬ್ಬಿಯ ಹೊರಮೈಯಲ್ಲೇ ರೋಗಿಯ ಹೆಸರು, ಗಡ್ಡೆಯ ಜಾಗ, ಎಡವೋ ಬಲವೋ ಬರೆದಿರಬೇಕು. ವರದಿ ಬಂದ ಮೇಲೆ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆಯಿರಿ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋದಾಗ ಮೊದಲು ಕೇಳುವುದು ಅದನ್ನೇ. ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ, ಬಿಸಿಲಿಗೆ ಇಡಬಾರದು ಅಷ್ಟೆ. ರೇಡಿಯೇಷನ್ ನಡೆಯುತ್ತಿರುವವರು ಮೈಮೇಲಿನ ಗುರುತಿನ ಗೆರೆ ಅಳಿಸದಿರಿ, ಆ ಜಾಗಕ್ಕೆ ಕೇಳದೆ ಏನನ್ನೂ ಹಚ್ಚದಿರಿ.

ತಡವಾಗಿ ಬಂದವರೂ ಇರುತ್ತಾರೆ. ಗಡ್ಡೆ ಒಡೆದು ಹೂಕೋಸಿನಂತೆ ಅರಳಿ ಸೋರುವ ಹಂತದಲ್ಲಿ ಮನೆಯವರು ಮಾಡಬಹುದಾದ್ದು ಬಹಳ ಇದೆ, ಇದನ್ನು ಸುಡುವ ಮದ್ದಿನವರು ಯಾರೂ ಹೇಳಿಕೊಡುವುದಿಲ್ಲ. ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮೊದಲು ನೋವಿನ ಮಾತ್ರೆ ಕೊಡಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಸಮ ಟೀ ಚಮಚ ಉಪ್ಪು. ಹಳೆಯ ಬಟ್ಟೆಯನ್ನು ಒಣಗಿದ್ದಾಗ ಎಳೆದರೆ ರಕ್ತ ಬರುತ್ತದೆ. ಈ ನೀರು ಹನಿಸುತ್ತ ಅದು ತಾನಾಗಿ ಸಡಿಲಾಗುವವರೆಗೆ ಕಾಯಿರಿ. ತೊಳೆದ ಮೇಲೆ ಮೆಟ್ರೊನಿಡಝೋಲ್ 400 ಮಿ.ಗ್ರಾಂ. ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿದರೆ ಕೆಲವು ದಿನಗಳಲ್ಲಿ ವಾಸನೆ ಇಳಿಯುತ್ತದೆ, ಏಕೆಂದರೆ ಆ ವಾಸನೆ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳದ್ದು. ಅದರ ಮೇಲೆ ವ್ಯಾಸಲಿನ್ ಸವರಿದ ಗಾಸ್ (ಜಾಳು) ಬಟ್ಟೆ, ಆಮೇಲೆ ದಪ್ಪ ಪಟ್ಟು. ಹಳೆಯ ಹತ್ತಿ ಸೀರೆಯನ್ನು ಒಗೆದು ತುಂಡು ಮಾಡಿ, ಡಬ್ಬಿಯಲ್ಲಿಟ್ಟು ಪ್ರೆಷರ್ ಕುಕ್ಕರಿನಲ್ಲಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿದರೆ ಅದೇ ಸಾಕು, ದುಬಾರಿ ಡ್ರೆಸ್ಸಿಂಗ್ ಬೇಡ. ರಕ್ತ ಬಂದರೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ 10–15 ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬಾರದು. ಹುಳ ಬಿದ್ದರೆ ನಾಚಿಕೆಪಡಬೇಡಿ, ನೊಣ ಕೂತದ್ದು ನಿಮ್ಮ ತಪ್ಪಲ್ಲ. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಬಾಯಿಗೆ ಹಿಡಿದು ಹುಳಗಳನ್ನು ಹೊರಬರಿಸಿ ಚಿಮಟದಿಂದ ತೆಗೆಯುವುದನ್ನು ನರ್ಸ್ ತೋರಿಸಿಕೊಡುತ್ತಾರೆ. ಮಂಚದಡಿ ಒಂದು ತಟ್ಟೆ ಗೆರಟೆ ಕರಿ ಇಟ್ಟರೆ ಕೋಣೆಯ ವಾಸನೆ ಹೀರುತ್ತದೆ. ಪಂಚಾಯತಿನ ಪಾಲಿಯೇಟಿವ್ (ನೋವು, ಸಂಕಟ ತಗ್ಗಿಸುವ ಆರೈಕೆಯ) ನರ್ಸ್ ಮನೆಗೇ ಬರುತ್ತಾರೆ. ಈ ಸೌಲಭ್ಯ ಕೇರಳದ ಹಳ್ಳಿಹಳ್ಳಿಯಲ್ಲಿದೆ, ನಮ್ಮ ಹಕ್ಕು ಅದು, ಆಶಾ ಕಾರ್ಯಕರ್ತೆಯರಲ್ಲಿ ಹೇಳಿದರೆ ಸಾಕು.

ಕೊನೆಗೆ ಎರಡು ಕೋರಿಕೆ. ಮೊದಲನೆಯದು ಪತ್ರಿಕೆಗಳಿಗೆ. ಕ್ಯಾನ್ಸರ್, ಗಡ್ಡೆ ವಾಸಿ ಮಾಡುವುದಾಗಿ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ; ಕರಪತ್ರ, ಲೇಬಲ್ ಕೂಡ ಅದರೊಳಗೆ ಬರುತ್ತವೆ. ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸಜೆ, ಮರುಕಳಿಸಿದರೆ ಒಂದು ವರ್ಷದವರೆಗೆ. ಪ್ರಕಟಿಸುವವರನ್ನೂ ಕಾಯ್ದೆ ಬಿಡುವುದಿಲ್ಲ. “ಶಸ್ತ್ರಕ್ರಿಯೆ ಇಲ್ಲದೆ ಗಡ್ಡೆ ಕರಗಿಸುತ್ತೇವೆ” ಎಂಬ ಸಾಲುಗಳನ್ನು ದಯವಿಟ್ಟು ಅಚ್ಚು ಹಾಕಬೇಡಿ. ಎರಡನೆಯದು ಆರೋಗ್ಯ ಇಲಾಖೆಗೆ. 1956ರಲ್ಲಿ ರಾಜ್ಯಗಳ ಗಡಿಗೆರೆ ಎಳೆದ ಮೇಲೂ ಇಲ್ಲಿ ಉಳಿದ ಕನ್ನಡಿಗರಿಗೆ ಕೇರಳದ 1969ರ ರಾಜ್ಯಭಾಷಾ ಕಾನೂನು ತಮ್ಮ ನುಡಿಯಲ್ಲೇ ಸರಕಾರದೊಂದಿಗೆ ವ್ಯವಹರಿಸುವ ಅವಕಾಶ ಕೊಟ್ಟಿದೆ. ಬಯಾಪ್ಸಿಯ ಒಪ್ಪಿಗೆ ಪತ್ರ, ವರದಿ ಪಡೆಯುವ ದಿನಾಂಕ, ಗಾಯದ ಆರೈಕೆಯ ಚೀಟಿ ಈ ಮೂರನ್ನಾದರೂ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಆಸ್ಪತ್ರೆಗಳಲ್ಲಿ ಕನ್ನಡದಲ್ಲೂ ಕೊಡಲಿ. ಚೀಟಿ ಓದಲು ಬಾರದೆ ವರದಿ ಲ್ಯಾಬಿನಲ್ಲೇ ಉಳಿದುಬಿಟ್ಟರೆ ಬಯಾಪ್ಸಿ ಮಾಡಿಯೂ ಮಾಡದಂತೆ.

ಈಗಾಗಲೇ ಏನಾದರೂ ಹಚ್ಚಿರುವವರು ಬೈಗುಳದ ಹೆದರಿಕೆಯಿಂದ ಮುಚ್ಚಿಡಬೇಡಿ. ಹಚ್ಚುವುದನ್ನು ಇವತ್ತೇ ನಿಲ್ಲಿಸಿ, ಗಡ್ಡೆಯ ಪಕ್ಕ ಸ್ಕೇಲ್ ಇಟ್ಟು ಹಗಲು ಬೆಳಕಿನಲ್ಲಿ ಒಂದು ಫೋಟೊ ತೆಗೆಯಿರಿ. ಉದುರಿದ ತುಂಡು ಇದ್ದರೆ ಬಿಸಾಡಬೇಡಿ. ಆಸ್ಪತ್ರೆಗೆ ಹೋಗುವಾಗ ಮುಲಾಮಿನ ಡಬ್ಬಿಯನ್ನೂ ಒಯ್ಯಿರಿ. ಅದರಲ್ಲಿ ಇದ್ದದ್ದು ಸತುವೋ, ಸುಣ್ಣವೋ, ಪಾಷಾಣವೋ ಎಂದು ತಿಳಿದರೆ ಬಯಾಪ್ಸಿಯನ್ನು ಎಲ್ಲಿಂದ ಎಷ್ಟು ಆಳಕ್ಕೆ ತೆಗೆಯಬೇಕು, ರಕ್ತದಲ್ಲಿ ಏನನ್ನು ನೋಡಬೇಕು ಎಂದು ವೈದ್ಯರಿಗೆ ಗೊತ್ತಾಗುತ್ತದೆ.

– ಗಡಿನಾಡಿನ ಕೆಲವು ಆರೋಗ್ಯ ಕಾರ್ಯಕರ್ತರು,
ಬದಿಯಡ್ಕ, ಕಾಸರಗೋಡು ಜಿಲ್ಲೆ